ಕಳೆದ ಆಕಾಶ

ಪರದೆಯ ಮೂಲೆಯಲ್ಲಿದ್ದ ಆ ಸಂಖ್ಯೆಯ ಹಿಂದೆ ಒಂದು ಪುಟ್ಟ ಅಡ್ಡಗೆರೆ ಇತ್ತು. ಧೂಳಿರಬೇಕು ಎಂದುಕೊಂಡು ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಗೆರೆ ಹೋಗಲಿಲ್ಲ. ಪರದೆಯನ್ನೇ ಹೆಬ್ಬೆರಳಿನಿಂದ ಉಜ್ಜಿದ. ಗೆರೆ ಅಲ್ಲೇ ಇತ್ತು. ನಾನೂರ ಹನ್ನೆರಡು, ಅದರ ಹಿಂದೆ ಮೈನಸ್. ಬೆಳಗಿನ ಹನ್ನೊಂದು ಗಂಟೆ. ಕಿಟಕಿಯಾಚೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಲೇ ಇದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ದೂರದರ್ಶಕದ ಸಮಯ ಹಂಚುವ ಸಮಿತಿಯ ಸಭೆ. ಅಷ್ಟರೊಳಗೆ ನಕ್ಷತ್ರಗಳ ನಡುವಿನ ಧೂಳಿನ ಮೋಡದ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಮುದ್ರಿಸಿ ಕೊಡಬೇಕಿತ್ತು. ಶಾಯಿ ಉಳಿಸಲು ಇಂಥ ಚಿತ್ರಗಳನ್ನು ತಿರುವುಮುರುವು ಮಾಡಿ ಮುದ್ರಿಸುವುದು ಇಲ್ಲಿನ ರೂಢಿ: ಕಪ್ಪು ಆಕಾಶ ಬಿಳಿ ಕಾಗದವಾಗುತ್ತದೆ, ನಕ್ಷತ್ರಗಳು ಕಪ್ಪು ಚುಕ್ಕೆಗಳಾಗುತ್ತವೆ. ಹಾಗೆ ತಿರುವುವ ಮೊದಲು ಕಂಪ್ಯೂಟರು ಕೇಳುತ್ತದೆ, ಈ ಚಿತ್ರದಲ್ಲಿ ಅತಿ ಹೆಚ್ಚಿನ ಬೆಳಕು ಎಷ್ಟು, ಅತಿ ಕಡಿಮೆ ಎಷ್ಟು ಎಂದು. ಅತಿ ಕಡಿಮೆ ಎಂಬಲ್ಲಿ ಈ ಮೈನಸ್. ಅದು ಯಾವ ಜಾಗದ ಸಂಖ್ಯೆ ಎಂದು ಹುಡುಕಿದ. ಮೋಡದ ನಟ್ಟನಡುವಿನದು. 

ಮೋಡ ಬೆಳಕನ್ನು ತಡೆಯಬಹುದು. ಒಂದು ಹನಿಯೂ ದಾಟದಂತೆ ತಡೆದರೆ ಸೊನ್ನೆ. ಸೊನ್ನೆಯಿಂದ ಕೆಳಕ್ಕೆ ಯಾವ ಮೋಡವೂ ಇಳಿಸಲಾರದು. ದೀಪ ಆರಿಸಿದ ಕೋಣೆಯನ್ನು ಇನ್ನೊಮ್ಮೆ ಆರಿಸಲು ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಎರಡು ಮೂರು ಕೆಳಗಿಳಿಯುವುದು ಮಾಮೂಲು, ಅದು ಕ್ಯಾಮೆರಾದ ಸಣ್ಣಪುಟ್ಟ ತಂಟೆ. ಅದಕ್ಕೇ ಅವನು ಚಿತ್ರಗಳನ್ನು ಯಾರಿಗಾದರೂ ಕೊಡುವ ಮುಂಚೆ ಸೊನ್ನೆಯ ಕೆಳಗಿನದನ್ನೆಲ್ಲ ಸೊನ್ನೆ ಮಾಡಿ, ತಲೆಗೂದಲು ಬಾಚಿ ಕೂರಿಸಿದ ಹಾಗೆ ನೀಟಾಗಿಸಿ ಕೊಡುತ್ತಿದ್ದ. ಒಂಬತ್ತು ವರ್ಷದ ಹಿಂದೆ ಈ ಚಿತ್ರವನ್ನೂ ಹಾಗೆಯೇ ಕೊಟ್ಟಿದ್ದ. ಇವತ್ತು ದೊಡ್ಡ ಅಳತೆಯದು ಬೇಕೆಂದು ತಳದಿಂದ ಮೂಲ ಚಿತ್ರವನ್ನು ತೆಗೆದದ್ದರಿಂದ ಕಣ್ಣಿಗೆ ಬಿತ್ತು. ತೆಗೆಯದಿದ್ದರೆ ಬೀಳುತ್ತಿರಲಿಲ್ಲ. ಅಯ್ಯೋ, ಯಾಕಾದರೂ ತೆಗೆದೆನೋ ಎನ್ನಿಸಿತು.

ಕಚೇರಿಯಲ್ಲಿ ಅವನಿಗೆ ಕಳೆ ಮೇಷ್ಟ್ರು ಎಂದು ಹೆಸರು. ಪಾಠ ಮಾಡಿದವನಲ್ಲ, ಹೊಲದಲ್ಲಿ ಕಳೆ ಕಿತ್ತವನೂ ಅಲ್ಲ. ಇಪ್ಪತ್ತಾರು ವರ್ಷದಿಂದ ಅವನ ಕೆಲಸ ಆಕಾಶ ಕಳೆಯುವುದು. ನಮ್ಮ ಗ್ಯಾಲಕ್ಸಿಯ ನಡುಭಾಗ ದಟ್ಟ ಧೂಳಿನ ಹಿಂದೆ ಕೂತಿದೆ. ಕಣ್ಣಿಗೆ ಕಾಣುವ ಬೆಳಕು ಅಲ್ಲಿಂದ ಹೊರಟರೂ ನಮ್ಮ ತನಕ ಬಂದು ಮುಟ್ಟುವುದಿಲ್ಲ. ಅವಗೆಂಪು, ಎಂದರೆ ಕಣ್ಣಿಗೆ ಕಾಣದ ಶಾಖದ ಬೆಳಕು, ಬರುತ್ತದೆ. ಆದರೆ ಅವಗೆಂಪಿನಲ್ಲಿ ನೋಡಿದರೆ ಬಿಸಿ ಇರುವುದೆಲ್ಲ ಹೊಳೆಯುತ್ತದೆ: ಗಾಳಿ ಹೊಳೆಯುತ್ತದೆ, ದೂರದರ್ಶಕದ ಕನ್ನಡಿ ಹೊಳೆಯುತ್ತದೆ, ಅದನ್ನು ಒರೆಸುವ ಕೈಯೂ ಹೊಳೆಯುತ್ತದೆ. ಈ ಹೊಳಪಿನಲ್ಲಿ ನಕ್ಷತ್ರಗಳು ಮುಳುಗಿರುತ್ತವೆ. ಹಾಗಾಗಿ ದೂರದರ್ಶಕವನ್ನು ಸ್ವಲ್ಪ ಆಚೆ, ಏನೂ ಕಾಣದ ಒಂದು ಖಾಲಿ ಜಾಗಕ್ಕೆ ತಿರುಗಿಸಿ, ಬರೀ ಆಕಾಶದ ಚಿತ್ರ ತೆಗೆದು, ಗ್ಯಾಲಕ್ಸಿಯ ಕೇಂದ್ರದ ಚಿತ್ರದಿಂದ ಅದನ್ನು ಕಳೆಯಬೇಕು. ಉಳಿದದ್ದು ನಿಜ. "ನಾವೆಲ್ಲ ಹುಡುಕೋಕೆ ಬಂದಿದೀವಿ, ಇವರೊಬ್ಬರು ಕಳೆಯೋಕೆ ಬಂದಿದಾರೆ" ಎಂದು ಹಿಂದಿನ ನಿರ್ದೇಶಕರು ತಮಾಷೆ ಮಾಡಿದ ದಿನದಿಂದ ಆ ಹೆಸರು ಅಂಟಿಕೊಂಡಿತು. ಅವನಿಗೇನೂ ಬೇಸರವಿರಲಿಲ್ಲ. ಮನೆಗೆ ಬಂದು ಹೆಂಡತಿಗೂ ಹೇಳಿ ನಕ್ಕಿದ್ದ. ಕಿಟಕಿಯ ಹತ್ತಿರ ಕೂತಿದ್ದ ಅಕ್ಕನೂ ನಕ್ಕಿದ್ದಳು, ತಲೆ ಎತ್ತದೆ.

ಖಾಲಿ ಜಾಗ ಎಂದರೂ ಪೂರ್ತಿ ಖಾಲಿ ಇರುವುದಿಲ್ಲ. ಒಂದೋ ಎರಡೋ ಮಂಕು ನಕ್ಷತ್ರ ಅಡಗಿ ಕೂತಿರುತ್ತವೆ. ಅದಕ್ಕೊಂದು ಉಪಾಯವಿದೆ. ಒಂದೇ ಚಿತ್ರ ತೆಗೆಯದೆ ಒಂಬತ್ತು ತೆಗೆಯಬೇಕು, ಪ್ರತಿ ಸಲ ದೂರದರ್ಶಕವನ್ನು ಒಂದಿಷ್ಟು ಜರುಗಿಸಬೇಕು. ಆಮೇಲೆ ಒಂಬತ್ತನ್ನೂ ಒಂದರ ಮೇಲೊಂದಿಟ್ಟರೆ, ಯಾವುದು ಜಾಗ ಬದಲಿಸುತ್ತ ಹೋಯಿತೋ ಅದು ನಕ್ಷತ್ರ, ಅದನ್ನು ಬಿಟ್ಟುಬಿಡು. ಯಾವುದು ಒಂಬತ್ತರಲ್ಲೂ ಇದ್ದಲ್ಲೇ ಇದೆಯೋ ಅದು ಆಕಾಶ, ಅದನ್ನು ಕಳೆ. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆಲ್ಲ ಅವನು ಇದನ್ನು ಬೆರಳು ಮಡಿಸಿ ಹೇಳಿಕೊಟ್ಟಿದ್ದ. "ಜರುಗಿಸೋದು ಮರೆತರೆ ಏನಾಗುತ್ತೆ ಮೇಷ್ಟ್ರೇ?" ಎಂದು ಯಾರಾದರೂ ಕೇಳಿದರೆ, "ನಕ್ಷತ್ರಾನೇ ಆಕಾಶ ಅಂದ್ಕೊಂಡು ಕಳೆದುಬಿಡ್ತೀರಿ. ಚಿತ್ರದಲ್ಲಿ ತೂತು ಬೀಳುತ್ತೆ. ಅಂಥ ತಪ್ಪು ಮಾಡೋನು ಈ ಕಚೇರಿಯೊಳಗೆ ಕಾಲಿಡಬಾರದು" ಎನ್ನುತ್ತಿದ್ದ. ಎದ್ದು ಬೀರು ತೆಗೆದ. ಒಂಬತ್ತು ವರ್ಷ ಹಿಂದಿನ ದಾಖಲೆ ಪುಸ್ತಕ ಮೂರನೇ ಅರೆಯಲ್ಲಿತ್ತು. ಹುಡುಕಬೇಕಾಗಲಿಲ್ಲ, ಆ ಪುಟ ಯಾವುದೆಂದು ಕೈಗೇ ಗೊತ್ತಿತ್ತು. ಸಂಜೆ ಆರೂ ನಲವತ್ತು. ಅವನದೇ ಅಕ್ಷರ. ಜರುಗು ಎಂಬ ಕಾಲಮ್ಮಿನಲ್ಲಿ ಮೇಲಿನ ಸಾಲಿನಲ್ಲಿ ಸೊನ್ನೆ, ಅದರ ಕೆಳಗೆ ಎಂಟು ಸಲ 'ಅದೇ', 'ಅದೇ', 'ಅದೇ'. ಷರಾ ಎಂಬಲ್ಲಿ: ಖಾಲಿ ಆಕಾಶ. ಏನೂ ಇಲ್ಲ.

ಸಂಜೆ ಆರೂ ನಲವತ್ತಕ್ಕೇ ಫೋನು ಬಂದದ್ದು. ಆ ಋತುವಿನ ಕೊನೆಯ ವಾರ. ಗ್ಯಾಲಕ್ಸಿಯ ಕೇಂದ್ರವು ಸೂರ್ಯನ ಬೆನ್ನಿಗೇ ಇಳಿದುಹೋಗುತ್ತಿತ್ತು, ಕತ್ತಲಾದ ಕೂಡಲೇ ಸಿಗುವ ಒಂದೂವರೆ ಗಂಟೆ ಕಳೆದರೆ ಮತ್ತೆ ಐದು ತಿಂಗಳು ಕಾಯಬೇಕು. ಬೆಟ್ಟದ ಮೇಲಿನ ಆ ಚಿಕ್ಕ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅಕ್ಕ ಆಸ್ಪತ್ರೆಯ ವಾರ್ಡಿನಿಂದ ಮಾಡಿದ್ದಳು; ಹಿಂದೆ ತಟ್ಟೆಗಳ ಸದ್ದು, ಯಾರದೋ ಕೆಮ್ಮು. ಮಾರನೇ ದಿನ ಬೆಳಗ್ಗೆ ಆಪರೇಷನ್. ದೊಡ್ಡದೇನಲ್ಲ ಎಂದಿದ್ದರು ಡಾಕ್ಟರು. "ಏನ್ ನೋಡ್ತಿದೀಯೋ ಈಗ?" ಎಂದು ಕೇಳಿದಳು. ಅದು ಅವಳ ಹಳೇ ಪ್ರಶ್ನೆ. ಅವನು ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ಸಲ ಬೆಟ್ಟದಿಂದ ಇಳಿದು ಮನೆಗೆ ಬಂದಾಗಲೂ ಕೇಳುತ್ತಿದ್ದಳು, ಅವನು "ನಿಂಗರ್ಥ ಆಗಲ್ಲ ಬಿಡು" ಎನ್ನುತ್ತಿದ್ದ, ಅವಳು ಬಿಡುತ್ತಿದ್ದಳು. ಅವತ್ತು ಅವನು, "ಅಕ್ಕಾ, ಈಗ ಆಗಲ್ಲ, ಹೊತ್ತು ಮೀರ್ತಿದೆ" ಎಂದ. "ಅಲ್ವೋ, ಏನ್ ನೋಡ್ತಿದೀಯ ಅಂದೆ ಅಷ್ಟೆ." "ಖಾಲಿ ಆಕಾಶ." "ಖಾಲಿ ಇರೋದ್ರಲ್ಲಿ ನೋಡೋಕೇನಿರುತ್ತೆ?" "ಏನೂ ಇಲ್ಲ. ಅದಕ್ಕೇ ನೋಡೋದು. ಇಡ್ತೀನಿ." ಅವಳು ಇನ್ನೇನೋ ಅನ್ನುತ್ತಿದ್ದಳು. ಫೋನು ಕಿವಿಯಿಂದ ಮೇಜಿಗೆ ಹೋಗುವ ನಡುವೆ ಅವಳ ದನಿ ತೆಳ್ಳಗಾಗಿ ಎಲ್ಲೋ ಬಿದ್ದುಹೋಯಿತು. ಅವನಿಗೆ ಸಿಟ್ಟು ಬಂದಿತ್ತು, ಆಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗಿತ್ತು, ಆ ನಾಚಿಕೆಯಲ್ಲೇ ಒಂಬತ್ತು ಎಂದು ಒತ್ತಿ ಗುಂಡಿ ಅದುಮಿದ್ದ. ಜರುಗಿಸುವ ಅಳತೆ ಹಾಕಲಿಲ್ಲ. ಅವಳ ಮಾತೂ ಕೇಳಲಿಲ್ಲ, ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ.

ಮಾರನೇ ದಿನ ಹತ್ತು ಗಂಟೆಗೆ ಅಕ್ಕ ಆಪರೇಷನ್ ಮೇಜಿನ ಮೇಲೇ ಹೋದಳು. ರಜೆಯ ಅರ್ಜಿಯಲ್ಲಿ ಅವನು 'ಮನೆಯಲ್ಲಿ ಒಬ್ಬರು ತೀರಿಕೊಂಡ ಕಾರಣ' ಎಂದು ಬರೆದ. ಒಬ್ಬರು! ಅಪ್ಪ ಅಮ್ಮ ಹೋದ ಮೇಲೆ ಹನ್ನೊಂದು ವರ್ಷ ದೊಡ್ಡವಳಾದ ಅವಳೇ ಅವನ ಮೂಗು ಒರೆಸಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಹಣೆ ಮುಟ್ಟಿ ಬೆಳೆಸಿದ್ದು. ದರ್ಜಿಗಳ ಅಂಗಡಿಗಳಿಂದ ಅಂಗಿಗಳ ರಾಶಿ ತಂದು ಕಿಟಕಿಯ ಹತ್ತಿರ ಗಿಡ್ಡ ಕಾಲಿನ ಕುರ್ಚಿಯಲ್ಲಿ ಕೂತು ಕಾಜ ಹಾಕುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಕತ್ತರಿಯ ತುದಿಯಿಂದ ಬಟ್ಟೆಯಲ್ಲಿ ಸಣ್ಣ ತೂತು ಮಾಡಿ, ಅದರ ಅಂಚಿನ ಸುತ್ತ ದಾರ ಸುತ್ತುತ್ತ ಬರುತ್ತಿದ್ದಳು, ತೂತು ಅಲ್ಲಿಗೇ ನಿಲ್ಲಬೇಕು, ಹರಿಯಬಾರದು. ಅವನು ಪರೀಕ್ಷೆ ಪಾಸಾಗಿ ಓಡಿ ಬಂದಾಗ ಅವಳು ಅಲ್ಲಿದ್ದಳು. ಕೆಲಸದ ಪತ್ರ ಬಂದಾಗ ಅಲ್ಲಿದ್ದಳು. ಮದುವೆಯಾಗಿ ಹೆಂಡತಿಯನ್ನು ಕರೆತಂದಾಗ, ಮಗ ಮೊದಲ ಸಲ ಎದ್ದು ನಿಂತಾಗ, ಮನೆ ಬದಲಿಸಿದಾಗಲೂ ಹೊಸ ಮನೆಯ ಕಿಟಕಿಯ ಹತ್ತಿರ, ಅದೇ ಕುರ್ಚಿಯಲ್ಲಿ. ಎಷ್ಟು ಚಿತ್ರ ತೆಗೆದರೂ ಅದೇ ಜಾಗ. ಅದೇ, ಅದೇ, ಅದೇ. ಅವನು ಪರದೆಯ ಮೇಲಿನ ಕಪ್ಪು ಚುಕ್ಕೆಯ ಕಡೆ ತಿರುಗಿದ. ಕದಲದೆ ಇದ್ದುದನ್ನೆಲ್ಲ ಆಕಾಶವೆಂದು ಲೆಕ್ಕ ಹಾಕಿದವನು ಆ ಒಂದು ಸಂಜೆ ಮಾತ್ರ ಹಾಗೆ ಮಾಡಿದ್ದೆ ಎಂದು ಯಾವ ಬಾಯಿಂದ ಹೇಳಲಿ ಎಂದುಕೊಂಡ.

ಅಕ್ಕ ಹೋಗುವ ಎರಡು ವರ್ಷ ಮೊದಲು ಒಂದು ಭಾನುವಾರ ಕಚೇರಿಯವರು ಮನೆಗೆ ಬಂದಿದ್ದರು. ಐದಾರು ಜನ, ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಯೂ ಇದ್ದಳು. ಹೆಂಡತಿ ತವರಿಗೆ ಹೋಗಿದ್ದಳು. ಅವನು ಎಲ್ಲರನ್ನೂ ಕೂರಿಸಿ ಗ್ಯಾಲಕ್ಸಿಯ ವಿಷಯ ಮಾತಾಡುತ್ತಿದ್ದ, ದನಿ ಎಂದಿಗಿಂತ ದೊಡ್ಡದಾಗಿತ್ತು. ಆ ಹುಡುಗಿ ಒಳಬಾಗಿಲ ಕಡೆ ತಿರುಗಿ ಅಕ್ಕನಿಗೆ, "ಸ್ವಲ್ಪ ನೀರು ಕೊಡಮ್ಮ" ಎಂದಳು, ಮನೆಗೆಲಸದವರಿಗೆ ಹೇಳುವ ಹಾಗೆ. ಅಕ್ಕ ಎದ್ದು ಹೋಗಿ ತಂದು ಕೊಟ್ಟಳು. ಹುಡುಗಿ ಕುಡಿಯುವಾಗ ಅವಳ ತೋಳಿನ ಗುಂಡಿ ಜೋಲುವುದು ಕಂಡು, "ತಾ ಇಲ್ಲಿ" ಎಂದು ಕೈ ಹಿಡಿದುಕೊಂಡು ನಾಲ್ಕು ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. "ಥ್ಯಾಂಕ್ಸ್ ಕಣಮ್ಮ" ಎಂದಳು ಹುಡುಗಿ. ಅಕ್ಕ ಅವನ ಮುಖ ನೋಡಿದಳು, ಒಂದೇ ಗಳಿಗೆ. ಇವಳು ನಮ್ಮಕ್ಕ ಎಂದು ಹೇಳಲು ಎಷ್ಟು ಹೊತ್ತು ಬೇಕು? ಎರಡು ಪದ. ಅವನು ಗ್ಯಾಲಕ್ಸಿಯ ಮಾತು ಮುಂದುವರಿಸಿದ. ಅವಳು ಹೋಗಿ ಕುರ್ಚಿಯಲ್ಲಿ ಕೂತು ಅಂಗಿ ಎತ್ತಿಕೊಂಡಳು. ಆ ಹುಡುಗಿಯೇ ಈಗಿನ ಮೋಡದಮ್ಮ.

ಮೋಡದಮ್ಮ ಎಂಬುದೂ ಕಚೇರಿಯೇ ಇಟ್ಟ ಹೆಸರು. ಅಕ್ಕ ಸತ್ತು ಹನ್ನೆರಡು ದಿನಕ್ಕೆ ಅವನು ಕೆಲಸಕ್ಕೆ ಮರಳಿ, ಆ ಸಂಜೆಯ ಚಿತ್ರಗಳಿಂದ ಆಕಾಶ ಕಳೆದು, ಕೆಳಗಿನದನ್ನು ಸೊನ್ನೆ ಮಾಡಿ ಅವಳ ಕೈಗಿಟ್ಟಿದ್ದ. ಕೇಂದ್ರದ ಪಕ್ಕದಲ್ಲೇ, ನಕ್ಷತ್ರಗಳ ಸಂತೆಯ ನಡುವೆ ಒಂದು ಕಪ್ಪು ಚುಕ್ಕೆ. "ಮೇಷ್ಟ್ರೇ, ಮೋಡ! ಎಷ್ಟು ದುಂಡಗಿದೆ ನೋಡಿ!" ಎಂದು ಅವಳು ಕುಣಿದುಬಿಟ್ಟಿದ್ದಳು. ಅಲ್ಲಿಂದ ಶುರು. ಐದು ತಿಂಗಳ ಮೇಲೆ ಬೇರೆ ಕಡೆಯವರು ನೋಡಿದಾಗ ಅಲ್ಲಿ ಏನೂ ಕಾಣಲಿಲ್ಲ. ಕೇಂದ್ರದ ಸೆಳೆತಕ್ಕೆ ಮೋಡ ಹರಿದು ಸುತ್ತಿಕೊಂಡು ಹೋಗಿದೆ, ಒಂಬತ್ತು ವರ್ಷಕ್ಕೆ ಇನ್ನೊಂದು ಮಗ್ಗುಲಿಂದ ಬರುತ್ತದೆ ಎಂದು ಅವಳು ಲೆಕ್ಕ ಹಾಕಿ ಬರೆದಳು. ಆ ಲೇಖನದ ಕೊನೆಯಲ್ಲಿ ಒಂದು ಸಾಲು ಅವನಿಗೆ ಕೃತಜ್ಞತೆ ಹೇಳಿತ್ತು. ಅವನು ಅದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡ. ರಾತ್ರಿ ಎಚ್ಚರವಾದಾಗ, ಅಕ್ಕನ ಕೊನೆಯ ಫೋನನ್ನು ಇಟ್ಟುಬಿಟ್ಟೆನಲ್ಲ ಎಂದು ನೆನಪಾದಾಗ, ಅವನು ಹಿಡಿದುಕೊಳ್ಳುತ್ತಿದ್ದುದು ಆ ಚೀಟಿಯನ್ನೇ. ಸುಮ್ಮನೆ ಇಡಲಿಲ್ಲ, ಆ ಒಂದೂವರೆ ಗಂಟೆಯಲ್ಲೇ ಮೋಡ ಸಿಕ್ಕಿತು, ಅಕ್ಕ ಇದ್ದಿದ್ದರೆ ಅವಳೇ ಹೌದು ಕಣೋ ಎನ್ನುತ್ತಿದ್ದಳು, ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದ. ಈಗ ಮೋಡ ಇಲ್ಲವೆಂದರೆ ಆ ಸಂಜೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಅಕ್ಕನಿಗೆ ಹೇಳಿದ ಮಾತಷ್ಟೇ ನಿಜವಾಗಿ ಉಳಿಯುತ್ತಿತ್ತು: ಏನೂ ಇಲ್ಲ, ಇಡ್ತೀನಿ.

"ಮೇಷ್ಟ್ರೇ, ನನ್ನ ಮೋಡ ರೆಡಿನಾ?" ಮೋಡದಮ್ಮ ಬಾಗಿಲಲ್ಲಿ ನಿಂತಿದ್ದಳು, ಹೊಸ ಸೀರೆ, ಕೈಯಲ್ಲಿ ಕಾಗದಗಳ ಕಟ್ಟು. ಅವನು ತಟ್ಟನೆ ಪರದೆಯ ಮೇಲೆ ಬೇರೆ ಚಿತ್ರ ಎಳೆದ. ಕಳ್ಳನ ಹಾಗೆ.

"ಇನ್ನೊಂಚೂರು ಕೆಲಸ ಇದೆ."

"ಏನು ಮುಖದಲ್ಲಿ ಕಳೆನೇ ಇಲ್ಲ ಇವತ್ತು? ಕಳೆ ಮೇಷ್ಟ್ರ ಮುಖದಲ್ಲೇ ಕಳೆ ಇಲ್ಲ ಅಂದ್ರೆ ಹೇಗೆ?" ನಕ್ಕಳು. "ಸಮಿತಿಯ ಗಡ್ಡದವರು ಆಗಲೇ ಬಂದು ಕೂತಿದಾರೆ. ಒಂಬತ್ತು ವರ್ಷದಿಂದ 'ಎಲ್ಲಮ್ಮಾ ನಿನ್ನ ಮೋಡ, ಮನೆಗೆ ಬಂತಾ?' ಅಂತ ಎಲ್ಲರೆದುರಿಗೂ ಹಂಗಿಸ್ತಾನೇ ಇದಾರೆ. ಇವತ್ತು ಬಾಗಿಲಷ್ಟು ದೊಡ್ಡದು ಮುಖಕ್ಕೆ ಹಿಡೀತೀನಿ. ನಲವತ್ತು ಸಂಜೆ ಕೇಳಿದೀನಿ ದೂರದರ್ಶಕನ. ಕೊಡದೆ ಹೇಗಿರ್ತಾರೆ ನೋಡ್ತೀನಿ."

"ಕೊಡ್ತಾರೆ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

"ಮಗಳು ಬೆಳಗ್ಗೆ ಬೂಟು ಹಾಕ್ಕೊಳ್ತಾ ಕೇಳ್ತಾಳೆ, ಅಮ್ಮ, ನಿನ್ನ ಮೋಡ ವಾಪಸ್ ಬರುತ್ತಾ ಅಂತ. ಬರುತ್ತೆ ಪುಟ್ಟಿ, ಹೇಳಿ ಹೋಗಿದೆ ಅಂದೆ." ಅವಳು ಗಡಿಯಾರ ನೋಡಿದಳು. "ಎರಡಕ್ಕೆ ಬರ್ತೀನಿ. ಊಟ ಮಾಡಿ ಮೇಷ್ಟ್ರೇ, ಹೊಟ್ಟೆ ಕಾಯಿಸ್ಬೇಡಿ."

ಅವಳು ಹೋದ ಮೇಲೆ ಅವನು ಮೂಲ ಚಿತ್ರವನ್ನು ಮತ್ತೆ ತೆಗೆದ. ಎಷ್ಟು ಸುಲಭ! ಸೊನ್ನೆಯ ಕೆಳಗಿನದೆಲ್ಲ ಸೊನ್ನೆ ಎಂಬ ಒಂದು ಆಜ್ಞೆ, ಒಂದು ಗುಂಡಿ. ಇಪ್ಪತ್ತಾರು ವರ್ಷ ಸಾವಿರ ಸಲ ಒತ್ತಿದ್ದಾನೆ, ಇನ್ನೊಂದು ಸಲ ಒತ್ತಿದರೆ ಯಾರು ಕೇಳುತ್ತಾರೆ? ಮೂಲವನ್ನು ಬೇರೆ ಯಾರೂ ತೆಗೆಯುವುದಿಲ್ಲ, ದಾಖಲೆ ಪುಸ್ತಕದ ಧೂಳನ್ನು ಅವನೇ ಕೊಡವಬೇಕು. ನಲವತ್ತು ಸಂಜೆ ದೂರದರ್ಶಕ ಖಾಲಿ ಜಾಗ ನೋಡಿಕೊಂಡು ನಿಲ್ಲುತ್ತದೆ, ಮೋಡ ಬರುವುದಿಲ್ಲ, ಲೆಕ್ಕ ಎಲ್ಲೋ ತಪ್ಪಿತು ಎಂದು ಮೋಡದಮ್ಮ ಇನ್ನೊಂದು ಲೆಕ್ಕ ಹಾಕುತ್ತಾಳೆ. ಅವಳಿಗೂ ಅದೇ ಒಳ್ಳೆಯದಲ್ಲವೇ? ಇಷ್ಟು ವರ್ಷ ಕಾದವಳು, ಇನ್ನಷ್ಟು ಕಾಯಲಿ, ಕಾಯುವುದರಲ್ಲಿ ಸುಖವಾಗಿದ್ದಾಳೆ. ಛೆ, ಎಂಥ ಯೋಚನೆ. ಅವಳ ಸುಖದ ಮಾತು ಆಡಿ ತನ್ನ ಪರ್ಸಿನ ಚೀಟಿಯನ್ನು ಕಾಪಾಡಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆರಳು ಗುಂಡಿಯ ಮೇಲೆ ಇತ್ತು. ಊಟದ ಡಬ್ಬಿ ತೆಗೆದ, ಮುಚ್ಚಿದ. ಆಚೆಯ ಸ್ಕೂಟರು ಕೊನೆಗೂ ಹತ್ತಿಕೊಂಡು ಹೊರಟುಹೋಗಿತ್ತು.

ಆಗ ಹೆಂಡತಿಯ ಫೋನು. "ರೀ, ನಲ್ಲಿ ರಿಪೇರಿಯವನು ಬಂದಿದಾನೆ. ಗೋಡೆ ಒಡೀಬೇಕಂತೆ, ಕಿಟಕಿ ಹತ್ರ ಇರೋ ಆ ಗಿಡ್ಡ ಕುರ್ಚಿ ತೆಗೀರಿ ಅಂತಿದಾನೆ. ಎಲ್ಲಿಡ್ಲಿ?"

ಕುರ್ಚಿ ಇನ್ನೂ ಅಲ್ಲೇ ಇದೆ ಎಂಬುದೇ ಅವನಿಗೆ ನೆನಪಿರಲಿಲ್ಲ. ದಿನಾ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದ. "ಅಕ್ಕ ಅವತ್ತು ಸಂಜೆ," ಎಂದ, "ವಾರ್ಡಲ್ಲಿ ನೀನು ಜೊತೆಗಿದ್ಯಲ್ಲ. ನಂಗೆ ಫೋನ್ ಮಾಡಿದ್ಲು. ಆಮೇಲೆ ಅತ್ಲಾ?"

ಆ ಕಡೆ ಹೆಂಡತಿ ನಲ್ಲಿಯವನಿಗೆ ತಡಿ ಎಂದಳು. ಹಿಂದೆ ಸುತ್ತಿಗೆಯ ಸದ್ದು. "ಈಗ ಯಾಕ್ರೀ ಅದು? ಅವತ್ತೇ ಹೇಳೋಕೆ ಬಂದಿದ್ದೆ, ಆ ದಿನದ ಮಾತೇ ಎತ್ತಬೇಡ ಅಂತ ನೀವೇ ಬಾಯಿ ಮುಚ್ಚಿಸಿದ್ರಿ."

"ಹೇಳು."

"ಅಳೋದೆಲ್ಲಿ ಬಂತು. ನಗ್ತಾ ಇದ್ರು. ಪಕ್ಕದ ಮಂಚದವರಿಗೆ, ನರ್ಸಿಗೆ, ಎಲ್ಲರಿಗೂ ಹೇಳಿದ್ದೇ ಹೇಳಿದ್ದು. 'ನನ್ನ ತಮ್ಮ ಖಾಲಿ ಆಕಾಶ ನೋಡ್ತಾ ಕೂತಿದಾನಂತೆ, ಏನೂ ಇಲ್ವಂತೆ ಅದ್ರಲ್ಲಿ. ಸರಿಯಾಗಿ ನೋಡೋ, ಏನಾದ್ರೂ ಇದ್ದೀತು ಅಂತ ಹೇಳ್ತಾನೇ ಇದ್ದೆ, ಅಷ್ಟರಲ್ಲಿ ಇಟ್ಟುಬಿಟ್ಟ, ಕೆಲಸದಲ್ಲಿದ್ದ ಪಾಪ' ಅಂದ್ರು." ಹೆಂಡತಿ ಮೂಗೆಳೆದುಕೊಂಡಳು. "ಕುರ್ಚಿ ಎಲ್ಲಿಡ್ಲಿ ಹೇಳಿ, ಅವನು ಕಾಯ್ತಿದಾನೆ."

"ಆಮೇಲೆ ಮತ್ತೆ ಅಲ್ಲೇ ಇಡು," ಎಂದ ಅವನು. ಫೋನು ಇಡುವ ಮೊದಲು ಅವಳೇ ಇಡಲಿ ಎಂದು ಕಾದ.

ಒಂಬತ್ತು ಖಾಲಿ ಚಿತ್ರಗಳನ್ನು ತೆಗೆದು ಪರದೆಯ ಮೇಲೆ ಸಾಲಾಗಿ ಇಟ್ಟ. ಇಪ್ಪತ್ತಾರು ವರ್ಷದಲ್ಲಿ ಅವನು ಖಾಲಿ ಆಕಾಶವನ್ನು ಕಳೆದಿದ್ದನೇ ಹೊರತು ನೋಡಿರಲಿಲ್ಲ. ಯಾರು ನೋಡುತ್ತಾರೆ? ಅದು ನೋಡಲಿಕ್ಕಿರುವುದಲ್ಲ. ಹೊಳಪನ್ನು ಇಳಿಸುತ್ತ, ಇಳಿಸುತ್ತ ಬಂದ. ಬೂದು ಮಂಜಿನಂಥ ಬೆಳಕು ಹಿಂದೆ ಸರಿಯಿತು. ಮಧ್ಯಕ್ಕಿಂತ ತುಸು ಎಡಕ್ಕೆ ಒಂದು ನಕ್ಷತ್ರ ಇತ್ತು. ಮಂಕು, ದುಂಡಗೆ. ಎರಡನೆಯದರಲ್ಲೂ ಇತ್ತು, ಅದೇ ಜಾಗ. ಮೂರನೆಯದರಲ್ಲಿ, ಐದನೆಯದರಲ್ಲಿ, ಒಂಬತ್ತನೆಯದರಲ್ಲಿ. ಅವನು ಮುಖ ಮುಚ್ಚಿಕೊಂಡು ಅತ್ತ. ಬಾಗಿಲು ತೆರೆದೇ ಇತ್ತು, ಯಾರಾದರೂ ಕಂಡಾರೆಂಬ ಅಂಜಿಕೆ ಕೂಡ ಆಗಲಿಲ್ಲ.

ಎರಡು ಗಂಟೆಗೆ ಮೋಡದಮ್ಮ ಬಂದಾಗ ಅವನು ಎದ್ದು ನಿಂತು ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟ. "ಕೂತ್ಕೊಳ್ಳಿ," ಎಂದ. ಮೈನಸ್ ನಾನೂರ ಹನ್ನೆರಡನ್ನು ತೋರಿಸಿದ. ಅವಳು ವಿಜ್ಞಾನಿ, ಒಂದು ಮಾತೂ ವಿವರಿಸಬೇಕಾಗಲಿಲ್ಲ. ಬೆರಳನ್ನು ಸಂಖ್ಯೆಯ ಮೇಲಿಟ್ಟು, ಅವನು ಬೆಳಗ್ಗೆ ಉಜ್ಜಿದ ಹಾಗೆಯೇ ಒಮ್ಮೆ ಉಜ್ಜಿದಳು. ಆಮೇಲೆ ಒಂಬತ್ತು ಚಿತ್ರಗಳನ್ನು ನೋಡಿದಳು, ದಾಖಲೆ ಪುಸ್ತಕದ ಪುಟ ನೋಡಿದಳು. 'ಅದೇ' ಎಂಬ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದಳು. 

"ಒಂಬತ್ತು ವರ್ಷ ಮೇಷ್ಟ್ರೇ," ಎಂದಳು ಕೊನೆಗೆ.

"ಹೌದು."

"ಇದನ್ನ ನೀವು ಸಭೆ ಮುಗಿದ ಮೇಲೆ ನೋಡಿದ್ದಿದ್ರೆ..." ಅಷ್ಟಕ್ಕೆ 'ಬೇಡ' ಎನ್ನುವಂತೆ ತಲೆಯಾಡಿಸಿದಳು. "ಗಡ್ಡದವರ ಎದುರು ನಿಂತು ನೀವೇ ಸರಿ ಸರ್ ಅನ್ಬೇಕು ಈಗ. ಮಗಳಿಗೆ ಏನು ಹೇಳ್ಲಿ? ಮೋಡ ಇರ್ಲೇ ಇಲ್ಲ, ಅಮ್ಮ ಒಂದು ತೂತನ್ನ ಇಷ್ಟು ವರ್ಷ ಸಾಕಿದ್ಲು ಅಂತಲಾ?" ನಗಲು ಹೋದಳು, ಆಗಲಿಲ್ಲ. ಕಣ್ಣೀರು ಸೀರೆಯ ಮೇಲೆ ಬಿದ್ದು ಗಾಢ ಕಲೆಯಾಯಿತು. ಅವನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. "ನೀವು ಮರೆಯೋರಲ್ಲ," ಎಂದಳು ಅವಳು, ಈಗ ದನಿಯಲ್ಲಿ ಸಿಟ್ಟಿತ್ತು. "ಜರುಗಿಸೋದು ಮರೆಯೋನು ಈ ಕಚೇರಿಯೊಳಗೆ ಕಾಲಿಡಬಾರದು ಅಂತ ನಮಗೆಲ್ಲ ಹೇಳಿಕೊಟ್ಟೋರೇ ನೀವು. ಅವತ್ತು ಏನಾಗಿತ್ತು ನಿಮಗೆ?"

"ಅಕ್ಕ ಫೋನ್ ಮಾಡಿದ್ಲು."

"ಯಾರಕ್ಕ?"

"ನಮ್ಮಕ್ಕ. ಆಸ್ಪತ್ರೆಯಿಂದ. ಮಾತಾಡದೆ ಇಟ್ಟುಬಿಟ್ಟೆ. ಬೆಳಗ್ಗೆ ಆಪರೇಷನ್ನಲ್ಲಿ ಹೋದಳು."

ಮೋಡದಮ್ಮ ಅವನನ್ನೇ ನೋಡಿದಳು. "ನಿಮಗೆ ಅಕ್ಕ ಇದ್ರಾ?"

ಹನ್ನೊಂದು ವರ್ಷದಿಂದ ದಿನಾ ಎದುರುಬದುರು ಕೂತು ಕೆಲಸ ಮಾಡಿದವಳು. ಅವನ ಮಗನ ಮಾರ್ಕ್ಸು, ಹೆಂಡತಿಯ ಮಂಡಿನೋವು ಎಲ್ಲ ಬಲ್ಲವಳು. ಬೇರೆ ಯಾವ ಮಾತು ಕೇಳಿದ್ದರೂ ಅವನು ತಡೆದುಕೊಳ್ಳುತ್ತಿದ್ದ.

"ನೀವು ನೋಡಿದೀರಿ," ಎಂದ. "ಮನೆಗೆ ಬಂದಿದ್ರಲ್ಲ ಎಲ್ಲರೂ ಒಂದು ಭಾನುವಾರ. ಕಿಟಕಿ ಹತ್ರ ಕೂತು ಕಾಜ ಹಾಕ್ತಿದ್ಲು. ನಿಮಗೆ ನೀರು ಕೊಟ್ಟಳು."

ಅವಳ ಕೈ ತಾನಾಗಿ ಇನ್ನೊಂದು ಕೈಯ ಮುಂಗೈಗೆ, ಗುಂಡಿ ಇರಬೇಕಾದ ಜಾಗಕ್ಕೆ ಹೋಯಿತು. "ಗುಂಡಿ ಹೊಲಿದುಕೊಟ್ಟೋರು..."  "ಅಯ್ಯೋ ದೇವರೇ. ಅವರನ್ನ ನಾನು ಏನಂತ ಕರೆದೆ ಗೊತ್ತಾ ಮೇಷ್ಟ್ರೇ? ನೀವು ಅಲ್ಲೇ ಇದ್ರಿ. ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು. ಹೇಳ್ಲಿಲ್ಲ. ನಿಮ್ಮ ತಪ್ಪಲ್ಲ ಅದು. ಇದೂ ಅಲ್ಲ."

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ತಿರುಗಿದಾಗ ಮುಖ ಗಟ್ಟಿಯಾಗಿತ್ತು. "ಮೋಡದ್ದು ಬೇಡ. ಆ ಖಾಲಿ ಆಕಾಶದ್ದು ಮುದ್ರಿಸಿ ಕೊಡಿ. ಬಾಗಿಲಷ್ಟೇ ದೊಡ್ಡದು. ತೋರಿಸಿಯೇ ಹೇಳ್ತೀನಿ."

ಮುದ್ರಣ ಯಂತ್ರ ಕಾಗದವನ್ನು ಗೇಣು ಗೇಣಾಗಿ ಹೊರಗೆ ತಳ್ಳಿತು. ಬಿಳಿ, ಬಿಳಿ, ಬರೀ ಬಿಳಿ. ಆಮೇಲೆ ಮಧ್ಯಕ್ಕಿಂತ ತುಸು ಎಡಕ್ಕೆ ಒಂದು ಕಪ್ಪು ಚುಕ್ಕೆ, ಅಂಗಿಗೆ ಹಚ್ಚಿದ ಗುಂಡಿಯಷ್ಟು. ಅದು ಹೊರಗೆ ಬರುವಷ್ಟು ಹೊತ್ತು ಅವನು ದಾಖಲೆ ಪುಸ್ತಕ ಬಿಡಿಸಿ, 'ಏನೂ ಇಲ್ಲ' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಇದೆ. ನಾನು ನೋಡಲಿಲ್ಲ' ಎಂದು ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದ. ಮೋಡದಮ್ಮ ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಮೂರಕ್ಕೆ ಹತ್ತು ನಿಮಿಷವಿತ್ತು. ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹೋದವಳು ನಿಂತಳು.

"ಅವರ ಹೆಸರೇನು ಮೇಷ್ಟ್ರೇ?"

ಅವನು ಹೇಳಿದ. ಮಾತು ಕಲಿತಾಗಿನಿಂದ ಅಕ್ಕ ಎಂದೇ ಕರೆದ ಬಾಯಿಗೆ ಆ ಹೆಸರು ಒಗ್ಗಲಿಲ್ಲ, ನಾಲಿಗೆ ತೊಡರಿತು. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಬಾಗಿಲ ತನಕ ಬಂದು ಇನ್ನೊಮ್ಮೆ ಹೇಳಿದ, ಪಡಸಾಲೆಯಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಹೆಸರಿನ ಮುಂದೆ "ನಮ್ಮಕ್ಕ" ಎಂದು ಸೇರಿಸಿ.